ಉಪ್ಪುನೀರಿನ ಟ್ಯಾಂಕ್: ಎರಡು ಟೆಸ್ಟ್ ಕಿಟ್, ಎರಡು ಉತ್ತರ. ಯಾವುದನ್ನು ನಂಬುವುದು?

ಕಡಲಕುದುರೆ

ಮೃದು ಹವಳಗಳೂ ಕೆಲವು ಎಲ್‌ಪಿಎಸ್ (ದೊಡ್ಡ ಪಾಲಿಪ್‌ಗಳ, ಕಲ್ಲಿನಂಥ ಅಸ್ಥಿಪಂಜರದ) ಹವಳಗಳೂ ಇರುವ 200 ಲೀಟರ್ ಟ್ಯಾಂಕ್. ಒಂದೇ ಲೋಟದ ನೀರನ್ನು ಎರಡು ಕಂಪನಿಯ ಕಿಟ್‌ಗಳಲ್ಲಿ ನೋಡಿದಾಗ ಬಂದ ಅಂಕಿಗಳು ಇವು.

ಆಲ್ಕಲಿನಿಟಿ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ, ಅದನ್ನು ಅಳೆಯುವ ಮಾನ ಡಿಕೆಎಚ್): ಮೊದಲ ಕಿಟ್‌ನಲ್ಲಿ 7.4 ಡಿಕೆಎಚ್, ಎರಡನೆಯದರಲ್ಲಿ 8.9.
ನೈಟ್ರೇಟ್: ಮೊದಲನೆಯದರಲ್ಲಿ 5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಎರಡನೆಯದರಲ್ಲಿ 20ರ ಆಸುಪಾಸು.
ಕ್ಯಾಲ್ಸಿಯಂ: 410 ಮತ್ತು 420, ಅಂದರೆ ಹೆಚ್ಚುಕಡಿಮೆ ಒಂದೇ.

7.4 ನಿಜವಾದರೆ ಆಲ್ಕಲಿನಿಟಿ ಏರಿಸಬೇಕು, 8.9 ನಿಜವಾದರೆ ಮುಟ್ಟಬಾರದು. ಯಾವ ಕಿಟ್ ನಂಬಬೇಕು? ಎರಡನ್ನೂ ಬಿಟ್ಟು ಮೂರನೆಯದು ತಗೊಳ್ಳುವುದಾದರೆ ಯಾವುದು ಒಳ್ಳೆಯದು?

ಹವಳದಿಬ್ಬ

ಮೂರನೇ ಕಿಟ್ ಈಗಲೇ ಬೇಡ. ಅದು ಇನ್ನೊಂದು ಅಂಕಿ ಕೊಡುತ್ತದೆಯೇ ಹೊರತು ಮೊದಲೆರಡರಲ್ಲಿ ಯಾವುದು ಸರಿ ಎಂದು ತೋರಿಸುವುದಿಲ್ಲ. ನಿಮಗೆ ಬೇಕಿರುವುದು ಅಂಕಿ ಮೊದಲೇ ಗೊತ್ತಿರುವ ನೀರು. ಅದನ್ನು ಎರಡೂ ಕಿಟ್‌ಗೆ ಹಾಕಿ ನೋಡಿದರೆ ತಪ್ಪು ಎಲ್ಲಿದೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಆ ನೀರು ಮಾಡಿಕೊಳ್ಳುವ ಬಗೆಯನ್ನು ಮೇಷ್ಟ್ರು ಹೇಳಲಿ, ಅದು ಅವರ ಕ್ಷೇತ್ರ.

ಅದಕ್ಕೂ ಮೊದಲು ಉಪ್ಪಿನಂಶ ಅಳೆಯಿರಿ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಆಲ್ಕಲಿನಿಟಿ ಮೂರೂ ಉಪ್ಪಿನ ಜೊತೆಗೇ ಏರಿಳಿಯುತ್ತವೆ. 35 ಪಿಪಿಟಿಯಲ್ಲಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) 420 ಪಿಪಿಎಂ ಇರುವ ಕ್ಯಾಲ್ಸಿಯಂ, ನೀರು 33ಕ್ಕೆ ಇಳಿದರೆ 396 ಆಗುತ್ತದೆ. 1300 ಇದ್ದ ಮೆಗ್ನೀಸಿಯಂ 1225ರ ಹತ್ತಿರ ಬರುತ್ತದೆ. ಮೂರೂ ಒಟ್ಟಿಗೆ ಕಮ್ಮಿ ಕಂಡರೆ ಕಮ್ಮಿಯಾದದ್ದನ್ನು ತುಂಬುವ ಡೋಸಿಂಗ್ ಬಾಟಲಿಗೆ ಕೈ ಹಾಕಬೇಡಿ, ಉಪ್ಪು ನೋಡಿ.

ರಿಫ್ರ್ಯಾಕ್ಟೋಮೀಟರ್ (ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಉಪ್ಪಿನಂಶ ಹೇಳುವ ಉಪಕರಣ) ಇದ್ದರೆ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಬಿಡುವುದೇ ದೊಡ್ಡ ತಪ್ಪು. ಸೊನ್ನೆಯಲ್ಲಿ ಸರಿಯಿದ್ದು 35ರಲ್ಲಿ ಒಂದೆರಡು ಪಿಪಿಟಿ ತಪ್ಪುವ ಉಪಕರಣಗಳು ಬಹಳ. ಅವುಗಳ ಅಳತೆಪಟ್ಟಿಯನ್ನು ಸಮುದ್ರದ ನೀರಿಗಲ್ಲ, ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಬರೆದಿರುತ್ತಾರೆ. ಹೊಂದಿಸುವುದಿದ್ದರೆ 35ರಲ್ಲೇ ಹೊಂದಿಸಿ. ನೀವೇ ಮಾಡಿಕೊಳ್ಳುವುದಾದರೆ 3.65 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್‌ಗೆ 96.35 ಗ್ರಾಂ ಆರ್‌ಓ ಡಿಐ ನೀರು (ಲವಣಗಳನ್ನೆಲ್ಲ ತೆಗೆದ ಶುದ್ಧ ನೀರು). ಈ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣ 35 ಪಿಪಿಟಿ ಸಮುದ್ರದ ನೀರಿನಷ್ಟೇ. ಹನಿ ಹಾಕಿ ಮುಚ್ಚಳ ಮುಚ್ಚಿದ ಮೇಲೆ ಅರ್ಧ ನಿಮಿಷ ಬಿಡಿ, ಗಾಜಿನ ಬಿಸಿಗೆ ಹನಿಯ ಬಿಸಿ ಹೊಂದಿಕೊಳ್ಳಬೇಕು.

ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಆದರೆ, ಮುಳ್ಳಿಗೆ ಗುಳ್ಳೆ ಅಂಟಿದರೆ ಹೆಚ್ಚು ತೋರಿಸುತ್ತದೆ, ಉಪ್ಪಿನ ಪೊರೆ ಕಟ್ಟಿದರೆ ಕಮ್ಮಿ ತೋರಿಸುತ್ತದೆ. ಅದನ್ನು ನಂಬಿ ಹವಳ ಸಾಕಬೇಡಿ.

ರಸಾಯನ ಮೇಷ್ಟ್ರು

ಆಲ್ಕಲಿನಿಟಿಗೆ ಗೊತ್ತಿರುವ ನೀರು ಮಾಡುವುದು ಸುಲಭ, ಯಾಕೆಂದರೆ ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬನೇಟ್ ಸಾಕಷ್ಟು ಶುದ್ಧವಾಗಿಯೇ ಸಿಗುತ್ತದೆ. ಬೇಕಿಂಗ್ ಪೌಡರ್ ಬೇರೆ ವಸ್ತು. ಅದರಲ್ಲಿ ಆಮ್ಲದ ಲವಣವೂ ಪಿಷ್ಟವೂ ಇರುತ್ತವೆ, ಅದು ಈ ಕೆಲಸಕ್ಕೆ ಬರುವುದಿಲ್ಲ.

2.40 ಗ್ರಾಂ ಸೋಡಾ ತೂಗಿ, ಆರ್‌ಓ ಡಿಐ ನೀರಿನಲ್ಲಿ ಕರಗಿಸಿ, ಒಟ್ಟು 1 ಲೀಟರ್ ಆಗುವಂತೆ ನೀರು ತುಂಬಿಸಿ. ಇದು 80 ಡಿಕೆಎಚ್ ಇರುವ ಮೂಲ ದ್ರಾವಣ. ಇದರಲ್ಲಿ 100 ಮಿಲಿ ತೆಗೆದು ಮತ್ತೆ 1 ಲೀಟರ್‌ಗೆ ತುಂಬಿಸಿದರೆ 8.0 ಡಿಕೆಎಚ್. 150 ಮಿಲಿ ತೆಗೆದು 1 ಲೀಟರ್ ಮಾಡಿದರೆ 12.0.

ಲೆಕ್ಕ ಹೀಗೆ: ಸೋಡಾದ ಅಣುತೂಕ 84.0, ಹಾಗಾಗಿ ಲೀಟರ್‌ಗೆ 2.40 ಗ್ರಾಂ ಅಂದರೆ 28.57 ಮಿಲಿಈಕ್ವಿವಲೆಂಟ್ (ಆಮ್ಲ, ಕ್ಷಾರಗಳ ಪ್ರಮಾಣ ಎಣಿಸುವ ಮಾನ). ಒಂದು ಮಿಲಿಈಕ್ವಿವಲೆಂಟ್‌ಗೆ 2.8 ಡಿಕೆಎಚ್. ಗುಣಿಸಿದರೆ 80.

8 ಮತ್ತು 12 ಎರಡನ್ನೂ ಮಾಡಿಕೊಳ್ಳಿ. ಒಂದೇ ಅಂಕಿಯಲ್ಲಿ ನೋಡಿದರೆ ಕಿಟ್ ಎಷ್ಟು ತಪ್ಪುತ್ತದೆ ಎಂದು ಮಾತ್ರ ತಿಳಿಯುತ್ತದೆ. ಎರಡರಲ್ಲಿ ನೋಡಿದರೆ ತಪ್ಪಿನ ಜಾತಿಯೂ ತಿಳಿಯುತ್ತದೆ. ಎರಡು ಕಡೆಯೂ ಸರಿಸುಮಾರು ಅಷ್ಟೇ ಡಿಕೆಎಚ್ ವ್ಯತ್ಯಾಸ ಬಂದರೆ ಬಣ್ಣ ತಿರುಗುವ ಹಂತವನ್ನು ನೀವು ಬೇಗ ಅಥವಾ ತಡವಾಗಿ ಗುರುತಿಸುತ್ತಿದ್ದೀರಿ. ಅಂಕಿ ದೊಡ್ಡದಾದಂತೆ ವ್ಯತ್ಯಾಸವೂ ಅದೇ ಪ್ರಮಾಣದಲ್ಲಿ ಬೆಳೆದರೆ ರೀಏಜೆಂಟ್ (ಪರೀಕ್ಷೆಗೆ ನೀರಿಗೆ ಹಾಕುವ ಕಿಟ್‌ನ ರಾಸಾಯನಿಕ) ಕೆಟ್ಟಿದೆ ಅಥವಾ ನೀರಿನ ಅಳತೆ ತಪ್ಪುತ್ತಿದೆ.

ದ್ರಾವಣವನ್ನು ಬಿಗಿಯಾಗಿ ಮುಚ್ಚಿಡಿ. ಇಂಗಾಲದ ಡೈಆಕ್ಸೈಡ್ ಒಳಬಂದರೂ ಹೊರಹೋದರೂ ಆಲ್ಕಲಿನಿಟಿ ಬದಲಾಗುವುದಿಲ್ಲ, ಪಿಎಚ್ ಮಾತ್ರ ಬದಲಾಗುತ್ತದೆ. ಆದರೆ ನೀರು ಆವಿಯಾದರೆ ಅಂಕಿ ಏರುತ್ತದೆ.

ನೈಟ್ರೇಟ್‌ಗೆ ಪೊಟ್ಯಾಸಿಯಂ ನೈಟ್ರೇಟ್ 1.63 ಗ್ರಾಂ, 1 ಲೀಟರ್‌ಗೆ. ಅದು 1000 ಪಿಪಿಎಂ ನೈಟ್ರೇಟ್. ಅದರಲ್ಲಿ 10 ಮಿಲಿಯನ್ನು ಹೊಸದಾಗಿ ಕಲಸಿದ ಉಪ್ಪುನೀರಿಗೆ ಹಾಕಿ 1 ಲೀಟರ್ ಮಾಡಿದರೆ 10 ಪಿಪಿಎಂ. ಸಿಹಿನೀರಿನಲ್ಲಿ ಬೇಡ, ಉಪ್ಪಿನಿಂದ ಬಣ್ಣ ಸ್ವಲ್ಪ ಬದಲಾಗುವ ಕಿಟ್‌ಗಳಿವೆ. ನೈಟ್ರೇಟ್ ಹಾಕದ ಅದೇ ಉಪ್ಪುನೀರನ್ನೂ ಪಕ್ಕದಲ್ಲಿ ಪರೀಕ್ಷಿಸಿ, ಅದು ಸೊನ್ನೆಗೆ ಹತ್ತಿರ ಇರಬೇಕು.

ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಆ ಕ್ಲೋರೈಡ್‌ಗಳು ಗಾಳಿಯ ತೇವ ಹೀರುತ್ತವೆ. ತೂಗಿದ್ದರಲ್ಲಿ ಎಷ್ಟು ಲವಣ, ಎಷ್ಟು ನೀರು ಎಂದು ಹೇಳಲಾಗದು. ತಯಾರಾದ ರೆಫರೆನ್ಸ್ ದ್ರಾವಣ ತಗೊಳ್ಳಿ.

ತೂತುಕಲ್ಲು

ಮೇಷ್ಟ್ರೇ, ಒಂದು ಸೇರಿಸುತ್ತೇನೆ. 0.1 ಗ್ರಾಂವರೆಗೆ ಮಾತ್ರ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ 2.4 ಗ್ರಾಂ ತೂಗಿದರೆ ನೂರಕ್ಕೆ ಎರಡರಷ್ಟು ತಪ್ಪು ಅಲ್ಲೇ ಬರಬಹುದು. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು. ಇಲ್ಲದಿದ್ದರೆ 24 ಗ್ರಾಂ ತೂಗಿ ಒಂದು ಲೀಟರ್ ಮಾಡಿ, ಅದನ್ನು ನೂರು ಪಟ್ಟು ತೆಳುಮಾಡಿ, ಅಂದರೆ 10 ಮಿಲಿಯನ್ನು 1 ಲೀಟರ್‌ಗೆ. ಆಗ ತಕ್ಕಡಿಯ ತಪ್ಪು ಕರಗಿಹೋಗುತ್ತದೆ, 10 ಮಿಲಿಯನ್ನು ಮಾತ್ರ ಸಿರಿಂಜಿನಲ್ಲಿ ಸರಿಯಾಗಿ ಅಳೆಯಬೇಕು.

ಕಡಲಕುದುರೆಯವರೇ, ಪರೀಕ್ಷೆ ಮಾಡುವ ಮುಂಚೆ ಒಂದು ಕೆಲಸ. ನೈಟ್ರೇಟ್ ಕಿಟ್‌ಗಳ ಕೈಪಿಡಿ ತೆಗೆದು ಅಂಕಿ ಯಾವುದರದ್ದು ಅಂತ ನೋಡಿ. ನೈಟ್ರೇಟ್ ಅಂತಲೋ, ನೈಟ್ರೇಟ್‌ನಲ್ಲಿರುವ ನೈಟ್ರೋಜನ್ ಅಂತಲೋ? ಎರಡನೆಯದಾದರೆ 4.43ರಿಂದ ಗುಣಿಸಬೇಕು. 5ಕ್ಕೂ 20ಕ್ಕೂ ಇರುವ ಅಂತರ ನೋಡಿದರೆ ಅದೇ ಅನುಮಾನ.

ನೀಲಿಬೆಳಕು

ಕಿಟ್ ಬದಲಿಸುವ ಮೊದಲು ಕೈ ಬದಲಿಸಿಕೊಳ್ಳಬೇಕು. ಒಂದೇ ಕಿಟ್, ಒಂದೇ ನೀರು, ಇಬ್ಬರು ಮಾಡಿದರೆ ಒಂದು ಡಿಕೆಎಚ್ ವ್ಯತ್ಯಾಸ ಬರುವುದು ತೀರಾ ಸಾಮಾನ್ಯ. ಎಲ್ಲೆಲ್ಲಿ ಜಾರುತ್ತದೆ ಅಂತ ಬರೆಯುತ್ತೇನೆ.

ನೀರಿನ ಅಳತೆ. ಸಿರಿಂಜಿನಲ್ಲಿ ಗುಳ್ಳೆ ಇದ್ದರೆ ನೀರು ಕಮ್ಮಿ ಆಯಿತು ಅಂತಲೇ ಅರ್ಥ. 4 ಮಿಲಿ ತೆಗೆಯುವ ಜಾಗದಲ್ಲಿ 0.2 ಮಿಲಿ ಹೆಚ್ಚಾದರೆ 8 ಡಿಕೆಎಚ್ ನೀರು 8.4 ತೋರಿಸುತ್ತದೆ. ಮೊದಲು ಟ್ಯಾಂಕಿನ ನೀರಿನಲ್ಲೇ ಸಿರಿಂಜನ್ನೂ ಸೀಸೆಯನ್ನೂ ಎರಡು ಸಲ ತೊಳೆದು ಚೆಲ್ಲಿ. ಹಿಂದಿನ ಸಲ ತೊಳೆದ ಆರ್‌ಓ ನೀರಿನ ಹನಿ ಒಳಗೇ ಉಳಿದಿದ್ದರೆ ಅದೂ ಅಳತೆಗೆ ಸೇರುತ್ತದೆ. ಗೆರೆಯಿರುವ ಗಾಜಿನ ಟ್ಯೂಬ್ ಆದರೆ ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈ ಬಾಗಿದ ತಳ ಗೆರೆಗೆ ತಾಗುವಂತೆ ನೋಡಿ.

ರೀಏಜೆಂಟ್ ಸಿರಿಂಜು. ಪ್ಲಾಸ್ಟಿಕ್ ತುದಿ ಹಾಕಿ ಎಳೆದಾಗ ದ್ರವಕ್ಕೂ ಒತ್ತುದಂಡಕ್ಕೂ ನಡುವೆ ಸ್ವಲ್ಪ ಗಾಳಿ ನಿಲ್ಲುತ್ತದೆ. ಅದು ಕಿಟ್ ತಯಾರಿಸಿದವರಿಗೆ ಗೊತ್ತಿರುವ ಗಾಳಿ, ತೆಗೆಯಲು ಹೋಗಬೇಡಿ. ಎಳೆದುಕೊಂಡಾಗಲೂ ಕೊನೆಯಲ್ಲಿ ಓದುವಾಗಲೂ ಒತ್ತುದಂಡದ ಅದೇ ಅಂಚನ್ನು ನೋಡಿ, ದ್ರವದ ಅಂಚನ್ನಲ್ಲ. ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಓದುವುದರಿಂದಲೇ ಬಹಳ ತಪ್ಪು ಆಗುತ್ತದೆ.

ಹನಿಬಾಟಲಿ. ನೇರ ತಲೆಕೆಳಗಾಗಿ ಹಿಡಿಯಬೇಕು. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಮೊದಲ ಹನಿಯಲ್ಲಿ ಗಾಳಿ ಇರುತ್ತದೆ, ಅದನ್ನು ಹೊರಗೆ ಚೆಲ್ಲಿ.

ಬಣ್ಣ ತಿರುಗುವ ಹಂತ. ಆಲ್ಕಲಿನಿಟಿಯಲ್ಲಿ ನೀಲಿ ಹಸಿರು ಬಿಟ್ಟು ಕಿತ್ತಳೆ ಗುಲಾಬಿಗೆ ತಿರುಗುವ ಕಿಟ್‌ಗಳಲ್ಲಿ ನಡುವೆ ಒಂದು ಬೂದು ಹಂತ ಬರುತ್ತದೆ. ಕೆಲವರು ಅಲ್ಲೇ ನಿಲ್ಲಿಸುತ್ತಾರೆ, ಕೆಲವರು ಇನ್ನೆರಡು ಹನಿ ಹಾಕುತ್ತಾರೆ. ಕ್ಯಾಲ್ಸಿಯಂನಲ್ಲಿ ಇದು ಇನ್ನೂ ಕಷ್ಟ. ಗುಲಾಬಿ, ನೇರಳೆ, ಆಮೇಲೆ ನೀಲಿ. ಪ್ರತಿಕ್ರಿಯೆ ನಿಧಾನ, ಕೊನೆಯ ಹನಿಗಳ ನಡುವೆ ಹತ್ತು ಸೆಕೆಂಡಾದರೂ ತಿರುಗಿಸುತ್ತಾ ಇರಬೇಕು. ಸಾಕು ಅನ್ನಿಸಿದಾಗ ಸಿರಿಂಜಿನ ಅಂಕಿ ಬರೆದಿಟ್ಟುಕೊಂಡು ಇನ್ನೊಂದು ಹನಿ ಹಾಕಿ. ಬಣ್ಣ ಇನ್ನಷ್ಟು ತಿರುಗಿದರೆ ಹಿಂದಿನದು ಮುಗಿದಿರಲಿಲ್ಲ. ತಿರುಗದಿದ್ದರೆ ಬರೆದ ಅಂಕಿಯೇ ಉತ್ತರ.

ಬೆಳಕು. ಟ್ಯಾಂಕಿನ ನೀಲಿ ಎಲ್‌ಇಡಿ ಪಕ್ಕದಲ್ಲಿ ಯಾವ ಬಣ್ಣವನ್ನೂ ಓದಬೇಡಿ. ಕಿಟಕಿಯ ಹಗಲು ಬೆಳಕಿನಲ್ಲಿ, ಹಿಂದೆ ಬಿಳಿ ಕಾಗದ ಇಟ್ಟು ನೋಡಿ. ರಾತ್ರಿ ಮಾಡುವುದಿದ್ದರೆ ಯಾವಾಗಲೂ ಅದೇ ಒಂದು ಬಿಳಿ ದೀಪದ ಕೆಳಗೆ.

ಕಡಲಕುದುರೆ

ಎಲ್ಲರಿಗೂ ಧನ್ಯವಾದ. ತಕ್ಕಡಿ ಮತ್ತು ಸೋಡಾ ಇದೆ, ನೈಟ್ರೇಟ್ ಉಪ್ಪೂ ಇದೆ. ಮಾಡಿ ಇಲ್ಲೇ ಬರೆಯುತ್ತೇನೆ. ಕೈಪಿಡಿಯನ್ನೂ ಹುಡುಕುತ್ತೇನೆ.

ಇನ್ನೊಂದು ಪ್ರಶ್ನೆ. ಕೊನೆಗೆ ಹೊಸದು ಕೊಳ್ಳಬೇಕಾಗಿ ಬಂದರೆ ಯಾವ ಅಂಶಕ್ಕೆ ಯಾವ ಬಗೆಯ ಕಿಟ್? ಎಲ್ಲಾ ಅಂಶಗಳೂ ಒಂದೇ ಪೆಟ್ಟಿಗೆಯಲ್ಲಿ ಬರುವ ಸೆಟ್ ತಗೊಂಡರೆ ಆಗುವುದಿಲ್ಲವೇ?

ತೂತುಕಲ್ಲು

ಸೆಟ್ ಬೇಡ ಅನ್ನುತ್ತೇನೆ. ಯಾವ ಕಂಪನಿಯ ಪೆಟ್ಟಿಗೆಯಲ್ಲೂ ಎಲ್ಲಾ ಪರೀಕ್ಷೆಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ನೀವು ತಿಂಗಳಿಗೊಮ್ಮೆ ನೋಡುವ ಮೆಗ್ನೀಸಿಯಂ ಬಾಟಲಿ ಮುಗಿಯುವ ಮುಂಚೆ ಅವಧಿ ಮೀರಿರುತ್ತದೆ, ವಾರಕ್ಕೆ ಮೂರು ಸಲ ನೋಡುವ ಆಲ್ಕಲಿನಿಟಿ ಬಾಟಲಿ ಬಹಳ ಮುಂಚೆಯೇ ಖಾಲಿ. ಬಿಡಿಬಿಡಿಯಾಗಿ ತಗೊಳ್ಳಿ.

ಕಿಟ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ವ್ಯತ್ಯಾಸ ಕಂಡರೆ ನೀವು ಕೆಲಸ ಮಾಡುತ್ತೀರಿ? ಕಿಟ್ ಅದಕ್ಕಿಂತ ಸಣ್ಣ ಹೆಜ್ಜೆಯನ್ನು ತೋರಿಸಬೇಕು.

ಆಲ್ಕಲಿನಿಟಿಯಲ್ಲಿ ಅರ್ಧ ಡಿಕೆಎಚ್ ಇಳಿದರೂ ಡೋಸ್ ತಿದ್ದಬೇಕಾಗುತ್ತದೆ. ಎಪಿಐ ಕಂಪನಿಯ ಕಿಟ್‌ನಲ್ಲಿ 5 ಮಿಲಿ ನೀರಿಗೆ ಒಂದು ಹನಿ ಅಂದರೆ 1 ಡಿಕೆಎಚ್, ಹೆಜ್ಜೆ ದೊಡ್ಡದು. 10 ಮಿಲಿ ನೀರು ತಗೊಂಡು ಹನಿ ಎಣಿಸಿದರೆ ಒಂದು ಹನಿಗೆ 0.5 ಆಗುತ್ತದೆ, ಬಡಪಾಯಿ ಕಿಟ್ ಅಂತ ಬಿಸಾಡಬೇಕಿಲ್ಲ. ಸ್ಯಾಲಿಫರ್ಟ್ ಕಂಪನಿಯದ್ದರ ತರಹ 1 ಮಿಲಿ ಸಿರಿಂಜಿನಲ್ಲಿ ಮಾಡುವ ಟೈಟ್ರೇಷನ್ (ಬಣ್ಣ ತಿರುಗಲು ಎಷ್ಟು ರೀಏಜೆಂಟ್ ಹಿಡಿಯಿತು ಎಂದು ಅಳೆಯುವ) ಕಿಟ್‌ಗಳಲ್ಲಿ ಹೆಜ್ಜೆ ಇನ್ನೂ ಸಣ್ಣದು. ಅದರಲ್ಲಿ 2 ಮಿಲಿ ವಿಧಾನವೂ ಇದೆ, 4 ಮಿಲಿ ವಿಧಾನವೂ ಇದೆ. ನೀವು 4 ಮಿಲಿಯದೇ ಮಾಡಿ.

ಕ್ಯಾಲ್ಸಿಯಂಗೆ ಸಿರಿಂಜು ಟೈಟ್ರೇಷನ್ ಸಾಕು. ಸ್ಯಾಲಿಫರ್ಟ್‌ನಲ್ಲಿ ಪೂರ್ತಿ 1 ಮಿಲಿಗೆ 500 ಪಿಪಿಎಂ, ಅಂದರೆ 0.01 ಮಿಲಿಯ ಒಂದು ಗೆರೆ 5 ಪಿಪಿಎಂ. 400ರಿಂದ 450ರ ನಡುವೆ ಎಲ್ಲಿದ್ದರೂ ಹವಳಕ್ಕೆ ಚಿಂತೆಯಿಲ್ಲ, ಹಾಗಾಗಿ 410 ಮತ್ತು 420ರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 2 ಮಿಲಿ ಅಳೆಯುವಲ್ಲಿ 0.05 ಮಿಲಿ ತಪ್ಪಿದರೇ 10 ಪಿಪಿಎಂ ಆಗಿಹೋಗುತ್ತದೆ.

ಮೆಗ್ನೀಸಿಯಂ 1250ರಿಂದ 1350. ಗೆರೆಗೆ 15 ಪಿಪಿಎಂ. 50 ಪಿಪಿಎಂ ಒಳಗಿನ ಏರಿಳಿತ ಕಿಟ್‌ನದ್ದೋ ನೀರಿನದ್ದೋ ಹೇಳಲಾಗದು. ಕೆಲವು ಕಿಟ್‌ಗಳು ಕ್ಯಾಲ್ಸಿಯಂ ಮೆಗ್ನೀಸಿಯಂ ಒಟ್ಟಿಗೆ ಅಳೆದು ಆಮೇಲೆ ಕ್ಯಾಲ್ಸಿಯಂ ಕಳೆಯಲು ಹೇಳುತ್ತವೆ. ಅಂಥದ್ದರಲ್ಲಿ ಕ್ಯಾಲ್ಸಿಯಂ ತಪ್ಪಿದರೆ ಮೆಗ್ನೀಸಿಯಂ ಕೂಡ ತಪ್ಪುತ್ತದೆ.

ನೀರಿಗೆ ಅದ್ದಿ ಬಣ್ಣ ನೋಡುವ ಕಾಗದದ ಪಟ್ಟಿಗಳು ಹವಳದ ಟ್ಯಾಂಕಿಗಲ್ಲ.

ಹವಳದಿಬ್ಬ

ಆಲ್ಕಲಿನಿಟಿಗೆ ಹಾನಾ ಚೆಕರ್ (ಬಣ್ಣವನ್ನು ತಾನೇ ಓದಿ ಪರದೆಯಲ್ಲಿ ಅಂಕಿ ತೋರಿಸುವ ಪುಟ್ಟ ಉಪಕರಣ) ಬಿಟ್ಟಿರಲ್ಲ ತೂತುಕಲ್ಲು ಸರ್. ಬಣ್ಣ ಗುರುತಿಸುವುದು ಕಷ್ಟ ಇರುವವರಿಗೆ, ಕೆಂಪು ಹಸಿರು ಭೇದ ಕಾಣದವರಿಗೆ ಅದೇ ದಾರಿ. ಅದರ ಎಚ್‌ಐ 772 ಮಾದರಿಯಲ್ಲಿ 10 ಮಿಲಿ ನೀರು, 1 ಮಿಲಿ ರೀಏಜೆಂಟ್, ಅಂಕಿ ತಾನೇ ಬರುತ್ತದೆ.

ತೂತುಕಲ್ಲು

ಬಿಡಲಿಲ್ಲ, ಅದರ ಬಗ್ಗೆ ಜನ ಇಟ್ಟುಕೊಂಡಿರುವ ನಂಬಿಕೆ ಜಾಸ್ತಿ ಅನ್ನುವುದು ನನ್ನ ಮಾತು. ಪರದೆಯಲ್ಲಿ 8.3 ಅಂತ ಕಂಡ ಕೂಡಲೇ 8.3 ಅಂತಲೇ ನಂಬುತ್ತಾರೆ. ತಯಾರಕರೇ ಹೇಳುವ ನಿಖರತೆ 0.3 ಡಿಕೆಎಚ್ ಮತ್ತು ಓದಿದ್ದರ ನೂರಕ್ಕೆ 5. 8ರಲ್ಲಿ ಅದು 0.7 ಆಯಿತು. ಒಳ್ಳೆಯ ಕೈಯಲ್ಲಿ ಸಿರಿಂಜು ಕಿಟ್ ಇದಕ್ಕೆ ಸರಿಸಾಟಿ. ಚೆಕರ್‌ನ ನಿಜವಾದ ಗುಣ ಬೇರೆ: ಯಾರು ಮಾಡಿದರೂ ಒಂದೇ ತರಹ ಓದುತ್ತದೆ. ದಿನದಿಂದ ದಿನಕ್ಕೆ ಎಷ್ಟು ಇಳಿಯಿತು ಅಂತ ನೋಡಲು ಅದು ಬಹಳ ಒಳ್ಳೆಯದು. ಅದನ್ನು ಒಪ್ಪುತ್ತೇನೆ.

ಇನ್ನೊಂದು, ಅದರ ಜೊತೆ ಮಾರುವ ಸೀಲ್ ಮಾಡಿದ ಪರಿಶೀಲನೆ ಸೀಸೆಗಳು ದೀಪ ಮತ್ತು ಸೆನ್ಸರ್ ಸರಿ ಇದೆಯೇ ಅಂತ ಮಾತ್ರ ಹೇಳುತ್ತವೆ. ರೀಏಜೆಂಟ್ ಬಾಟಲಿ ಕೆಟ್ಟಿದ್ದರೆ ಆ ಸೀಸೆಗಳಿಗೆ ಗೊತ್ತಾಗುವುದಿಲ್ಲ. ಚೆಕರ್‌ಗೆ ಮೇಷ್ಟ್ರ ಸಿಹಿನೀರಿನ ಸೋಡಾ ದ್ರಾವಣಕ್ಕಿಂತ ಸಮುದ್ರದ ನೀರಿನ ಮೇಲೆ ಮಾಡಿದ ತಯಾರಿ ರೆಫರೆನ್ಸ್ ಉತ್ತಮ, ಅಲ್ಲವೇ ಮೇಷ್ಟ್ರೇ?

ರಸಾಯನ ಮೇಷ್ಟ್ರು

ಹೌದು. ಟೈಟ್ರೇಷನ್‌ನಲ್ಲಿ ಆಮ್ಲದ ಲೆಕ್ಕ ಮುಖ್ಯ, ಹಾಗಾಗಿ ಸಿಹಿನೀರಾದರೂ ಉತ್ತರ ಹೆಚ್ಚು ಕದಲದು. ಚೆಕರ್ ಓದುವುದು ಬಣ್ಣದ ಗಾಢತೆಯನ್ನು. ಉಪ್ಪು ಇದ್ದಾಗ ಇಲ್ಲದಾಗ ಆ ವರ್ಣದ್ರವ್ಯ ಬೇರೆಬೇರೆಯಾಗಿ ವರ್ತಿಸುತ್ತದೆ.

ಚೆಕರ್ ನಿಜವಾಗಿ ಗೆಲ್ಲುವುದು ಫಾಸ್ಫೇಟ್‌ನಲ್ಲಿ. ಹವಳದ ಟ್ಯಾಂಕಿನಲ್ಲಿ ನಮಗೆ ಬೇಕಾದ ವ್ಯಾಪ್ತಿ 0.03ರಿಂದ 0.1 ಪಿಪಿಎಂ. ಆ ಮಟ್ಟದ ತೆಳು ನೀಲಿಯನ್ನು ಬಣ್ಣದ ಕಾರ್ಡಿಗೆ ಹಿಡಿದು ಹೇಳುವುದು ಕಣ್ಣಿಗೆ ಆಗದ ಕೆಲಸ. ಎಚ್‌ಐ 774 ಫಾಸ್ಫೇಟ್ ಅನ್ನೇ ಪಿಪಿಎಂನಲ್ಲಿ ಕೊಡುತ್ತದೆ. ಎಚ್‌ಐ 736 ಫಾಸ್ಫರಸ್ ಅನ್ನು ಪಿಪಿಬಿಯಲ್ಲಿ (ನೂರು ಕೋಟಿ ಭಾಗಕ್ಕೆ ಇಷ್ಟು ಭಾಗ) ಕೊಡುತ್ತದೆ, 3.066ರಿಂದ ಗುಣಿಸಿ 1000ದಿಂದ ಭಾಗಿಸಬೇಕು. 10 ಪಿಪಿಬಿ ಅಂದರೆ 0.031 ಪಿಪಿಎಂ ಫಾಸ್ಫೇಟ್. ಅದರ ನಿಖರತೆ 5 ಪಿಪಿಬಿ ಮತ್ತು ಓದಿದ್ದರ ನೂರಕ್ಕೆ 5, ಆದ್ದರಿಂದ ಆ 10 ನಿಜದಲ್ಲಿ 5ಕ್ಕೆ ಹತ್ತಿರವೂ ಇರಬಹುದು, 15ಕ್ಕೆ ಹತ್ತಿರವೂ ಇರಬಹುದು. ಇವತ್ತು 0.03, ನಾಳೆ 0.04 ಬಂತೆಂದು ಫಾಸ್ಫೇಟ್ ತೆಗೆಯುವ ಮಾಧ್ಯಮ ಬದಲಿಸುವುದು ಅರ್ಥವಿಲ್ಲದ ಕೆಲಸ. ಮೂರು ನಾಲ್ಕು ಓದುಗಳು ಒಂದೇ ಕಡೆಗೆ ಸಾಗಿದರೆ ಮಾತ್ರ ಕೈ ಹಾಕಿ.

ಇದರಲ್ಲಿ ತಪ್ಪು ಬರುವುದು ರೀಏಜೆಂಟ್ ಪುಡಿಯಿಂದ ಮತ್ತು ಗಾಜಿನಿಂದ. ಪೊಟ್ಟಣದ ಮೂಲೆಗಳಲ್ಲಿ ಅಂಟಿದ ಪುಡಿಯನ್ನೂ ತಟ್ಟಿ ಪೂರ್ತಿ ಸುರಿಯಬೇಕು. ಎರಡು ನಿಮಿಷ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿ, ಕುಲುಕಿದರೆ ಸಣ್ಣ ಗುಳ್ಳೆಗಳು ಗಾಜಿಗೆ ಅಂಟಿ ಬೆಳಕನ್ನು ತಡೆಯುತ್ತವೆ, ಓದು ಏರುತ್ತದೆ. ಪುಡಿ ಹಾಕುವ ಮೊದಲು ಉಪಕರಣವನ್ನು ಸೊನ್ನೆ ಮಾಡಿದ ಸೀಸೆಯಲ್ಲೇ ಪುಡಿ ಹಾಕಿ ಓದಿ. ಸೀಸೆಯ ಮೇಲೊಂದು ಗುರುತು ಹಾಕಿಕೊಂಡು ಪ್ರತಿ ಸಲವೂ ಅದೇ ದಿಕ್ಕಿಗೆ ಇಡಿ. ಬೆರಳಚ್ಚು ಒರೆಸಿ. ಪಾತ್ರೆ ತೊಳೆಯುವ ಸೋಪು ಹತ್ತಿರಕ್ಕೂ ತರಬೇಡಿ. ಮೂರು ನಿಮಿಷದ ಎಣಿಕೆಯನ್ನು ಉಪಕರಣಕ್ಕೇ ಬಿಡಿ, ತಡವಾದರೆ ಬಣ್ಣ ಏರುತ್ತಾ ಹೋಗುತ್ತದೆ.

ಕ್ಯಾಲ್ಸಿಯಂ ಚೆಕರ್ ಎಚ್‌ಐ 758 ಬಗ್ಗೆ ಎಚ್ಚರ ಇರಲಿ. ಅದಕ್ಕೆ ಬೇಕಾದ ಟ್ಯಾಂಕಿನ ನೀರು ಬರೀ 0.1 ಮಿಲಿ. ಪಿಪೆಟ್ ತುದಿಗೆ ಹೊರಗಿನಿಂದ ಅಂಟಿದ ಒಂದು ಹನಿಯೇ ಉತ್ತರವನ್ನು ಹತ್ತಾರು ಪಿಪಿಎಂ ಎತ್ತಿಬಿಡುತ್ತದೆ. ಜೊತೆಗೆ ಬಳಸುವ ಶುದ್ಧ ನೀರಿನಲ್ಲಿ ಕ್ಯಾಲ್ಸಿಯಂ ಇರಲೇಬಾರದು.

ಮರಿಮೀನು

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಟ್ಯಾಂಕ್ ಇನ್ನೂ ಸೈಕಲ್ ಆಗುತ್ತಿದೆ, ಅಂದರೆ ಅಮೋನಿಯಾ, ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಬೆಳೆಯುತ್ತಿವೆ. ಅಮೋನಿಯಾ ಕಿಟ್ ಯಾವಾಗ ನೋಡಿದರೂ 0.25 ತೋರಿಸುತ್ತದೆ. ನೈಟ್ರೇಟ್ ಏಕಾಏಕಿ 80ಕ್ಕೆ ಏರಿದೆ. ಇವೆರಡೂ ಹೇಗೆ ಸಾಧ್ಯ ನೀಲಿಬೆಳಕು ಮೇಡಂ?

ನೀಲಿಬೆಳಕು

ಕ್ಷಮೆ ಯಾಕೆ, ಒಳ್ಳೆಯ ಪ್ರಶ್ನೆ. ನೈಟ್ರೇಟ್‌ನಿಂದ ಶುರು ಮಾಡುತ್ತೇನೆ. ಬಣ್ಣದ ನೈಟ್ರೇಟ್ ಕಿಟ್‌ಗಳು ನೈಟ್ರೇಟ್ ಅನ್ನು ಮೊದಲು ನೈಟ್ರೈಟ್ ಆಗಿ ಬದಲಿಸಿ, ಆ ನೈಟ್ರೈಟ್‌ಗೆ ಬಣ್ಣ ಬರಿಸುತ್ತವೆ. ಬದಲಾಗುವುದು ಸ್ವಲ್ಪ ಪಾಲು ಮಾತ್ರ, ಕಾರ್ಡಿನ ಅಂಕಿಗಳನ್ನು ಅದಕ್ಕೆ ಹೊಂದಿಸಿಯೇ ಬರೆದಿರುತ್ತಾರೆ. ಸೈಕಲ್ ನಡೆಯುವಾಗ ನೀರಿನಲ್ಲಿ ಮೊದಲೇ ನೈಟ್ರೈಟ್ ಇರುತ್ತದೆ, ಅದು ಪೂರ್ತಿಯಾಗಿ ಬಣ್ಣಕ್ಕೆ ಸೇರುತ್ತದೆ. ಸ್ವಲ್ಪ ನೈಟ್ರೈಟ್ ಇದ್ದರೂ ನೈಟ್ರೇಟ್ ಎಷ್ಟೋ ಪಟ್ಟು ಏರಿದಂತೆ ಕಾಣುವುದು ಅದಕ್ಕೇ. ನೈಟ್ರೈಟ್ ಸೊನ್ನೆಗೆ ಬರುವವರೆಗೆ ನೈಟ್ರೇಟ್ ನೋಡಲೇಬೇಡಿ. ನೈಟ್ರೈಟ್ ಕಂಡು ಹೆದರಬೇಕಿಲ್ಲ, ಸಮುದ್ರದ ನೀರಿನಲ್ಲಿ ಕ್ಲೋರೈಡ್ ಧಾರಾಳವಾಗಿ ಇರುವುದರಿಂದ ಅದು ಮೀನಿನ ಕಿವಿರಿನೊಳಗೆ ಹೋಗುವುದು ಬಹಳ ಕಮ್ಮಿ. ಸಿಹಿನೀರಿನ ಟ್ಯಾಂಕಿನ ಭಯ ಇಲ್ಲಿಗೆ ತರಬೇಡಿ.

ಅಮೋನಿಯಾ 0.25. ಹಳದಿಯಿಂದ ಹಸಿರಿಗೆ ಹೋಗುವ ಸ್ಯಾಲಿಸಿಲೇಟ್ ಕಿಟ್‌ನಲ್ಲಿ ಆ ಮೊದಲ ಹಸಿರು ಛಾಯೆ ಅಮೋನಿಯಾ ಇಲ್ಲದೆಯೂ ಕಾಣಿಸುತ್ತದೆ. ಹೊಸದಾಗಿ ಕಲಸಿದ ಉಪ್ಪುನೀರು ಒಂದು ಟ್ಯೂಬಿನಲ್ಲಿ, ಟ್ಯಾಂಕಿನ ನೀರು ಇನ್ನೊಂದರಲ್ಲಿ, ಎರಡಕ್ಕೂ ಒಟ್ಟಿಗೆ ಹನಿ ಹಾಕಿ. ಎಪಿಐ ಆದರೆ 5 ಮಿಲಿಗೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, 5 ನಿಮಿಷ. ಕಾರ್ಡನ್ನು ಪಕ್ಕಕ್ಕಿಟ್ಟು ಎರಡು ಟ್ಯೂಬ್‌ಗಳನ್ನು ಒಂದಕ್ಕೊಂದು ಹೋಲಿಸಿ. ಒಂದೇ ಬಣ್ಣ ಇದ್ದರೆ ಟ್ಯಾಂಕಿನಲ್ಲಿ ಅಮೋನಿಯಾ ಇಲ್ಲ.

ಅಮೋನಿಯಾ ಕಟ್ಟಿಹಾಕುವ ಕಂಡಿಷನರ್ ಹಾಕಿದ್ದರೆ ಕಟ್ಟಿಹಾಕಿದ್ದೂ ಈ ಕಿಟ್‌ನಲ್ಲಿ ಅಮೋನಿಯಾ ಅಂತಲೇ ಕಾಣುತ್ತದೆ. ವಿಷವಾಗುವುದು ಸ್ವತಂತ್ರ ಅಮೋನಿಯಾ ಮಾತ್ರ, ಪಿಎಚ್ 8.2, 25 ಡಿಗ್ರಿಯಲ್ಲಿ ಅದು ಒಟ್ಟಿನ ನೂರಕ್ಕೆ ಏಳೆಂಟು ಭಾಗ. ಸೀಕೆಮ್ ಕಂಪನಿಯ ಅಮೋನಿಯಾ ಬಿಲ್ಲೆ ಆ ಸ್ವತಂತ್ರ ಭಾಗವನ್ನಷ್ಟೇ ತೋರಿಸುತ್ತದೆ. ಮೀನು ಇರುವ ಕ್ವಾರಂಟೈನ್ ಟ್ಯಾಂಕಿಗೆ ಅದನ್ನೇ ಅಂಟಿಸಿ. ನೆಸ್ಲರ್ ಎಂಬ ಇನ್ನೊಂದು ವಿಧಾನದ ಅಮೋನಿಯಾ ಕಿಟ್ ಉಪ್ಪುನೀರಿಗೆ ಸರಿಹೋಗುವುದಿಲ್ಲ, ಅದರಲ್ಲಿ ಪಾದರಸವೂ ಇದೆ.

ನೈಟ್ರೇಟ್ ಮಾಡುವಾಗ ಎರಡನೇ ಬಾಟಲಿಯನ್ನು ಮೇಜಿಗೆ ತಟ್ಟಿ 30 ಸೆಕೆಂಡು ಜೋರಾಗಿ ಕುಲುಕಿ, ಹನಿ ಹಾಕಿದ ಮೇಲೆ ಟ್ಯೂಬನ್ನು ಪೂರ್ತಿ ಒಂದು ನಿಮಿಷ ಕುಲುಕಿ. ತಳದಲ್ಲಿ ಕೂತ ವಸ್ತು ಮೇಲೆ ಬರದಿದ್ದರೆ ನೈಟ್ರೇಟ್ ಇಲ್ಲ ಅಂತಲೇ ತೋರಿಸುತ್ತದೆ.

ಹವಳದಿಬ್ಬ

ಪಿಎಚ್‌ಗೆ ಬಣ್ಣದ ಕಿಟ್ ಕೊಳ್ಳಬೇಡಿ. 8.0 ಮತ್ತು 8.2 ನಡುವೆ ಹೇಳಲು ಆಗದು. ಪ್ರೋಬ್ ತಗೊಂಡು 7 ಮತ್ತು 10ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ತಿಂಗಳಿಗೊಮ್ಮೆ ಹೊಂದಿಸಿ, ತುದಿಯನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಡಿ, ಶುದ್ಧ ನೀರಿನಲ್ಲಿ ಇಟ್ಟರೆ ಕೆಡುತ್ತದೆ.

ಐಸಿಪಿಗೆ (ಲ್ಯಾಬ್‌ನ ಧಾತು ಅಳೆಯುವ ಯಂತ್ರ) ನೀರಿನ ಮಾದರಿ ಕಳಿಸುವವರಿಗೆ ಒಂದು ಮಾತು. ಅದು ಧಾತುಗಳನ್ನು ಅಳೆಯುತ್ತದೆ. ಆಲ್ಕಲಿನಿಟಿ, ನೈಟ್ರೇಟ್, ಅಮೋನಿಯಾ ಆ ಯಂತ್ರದಿಂದ ಬರುವುದಿಲ್ಲ, ಲ್ಯಾಬ್ ಬೇರೆ ವಿಧಾನದಲ್ಲಿ ಮಾಡಬೇಕು. ಫಾಸ್ಫರಸ್ ಅಂತ ಬರುವುದರಲ್ಲಿ ಸಾವಯವ ಭಾಗವೂ ಸೇರಿರುತ್ತದೆ, ಚೆಕರ್ ಅಂಕಿಗೆ ತಾಳೆಯಾಗದಿದ್ದರೆ ಗಾಬರಿ ಬೇಡ. ಕ್ಯಾಲ್ಸಿಯಂ ಮೆಗ್ನೀಸಿಯಂ ಕಿಟ್ ಸರಿಯಿದೆಯೇ ಅಂತ ನೋಡಲು ಮಾತ್ರ ಒಳ್ಳೆಯ ಸಾಧನ: ಸೀಸೆ ತುಂಬಿದ ಅದೇ ಹೊತ್ತಿಗೆ ಮನೆಯ ಕಿಟ್‌ನಲ್ಲೂ ಅಳೆದು ಬರೆದಿಡಿ.

ಕಡಲಕುದುರೆ

ಎಲ್ಲವನ್ನೂ ಮಾಡಿ ನೋಡಿದೆ. ಉಪ್ಪು 35ರಲ್ಲೇ ಇದೆ.

ಆಲ್ಕಲಿನಿಟಿ, 8.0 ದ್ರಾವಣ: ಮೊದಲ ಕಿಟ್ 6.7, ಎರಡನೆಯದು 8.1.
ಆಲ್ಕಲಿನಿಟಿ, 12.0 ದ್ರಾವಣ: ಮೊದಲ ಕಿಟ್ 10.0, ಎರಡನೆಯದು 12.2.
ಪ್ರತಿಯೊಂದನ್ನೂ ಮೂರು ಸಲ ಮಾಡಿದ ಸರಾಸರಿ.

ನೈಟ್ರೇಟ್ 10 ಪಿಪಿಎಂ ದ್ರಾವಣ: ಮೊದಲ ಕಿಟ್ 2ರ ಮೇಲೆ ಸ್ವಲ್ಪ, ಎರಡನೆಯದು 10. ಕೈಪಿಡಿ ಸಿಕ್ಕಿತು. ಮೊದಲ ಕಿಟ್ ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ನೈಟ್ರೇಟ್ ನೈಟ್ರೋಜನ್ ಅಂತಲೇ ಇದೆ.

ಮೊದಲ ಆಲ್ಕಲಿನಿಟಿ ಕಿಟ್‌ನ ರೀಏಜೆಂಟ್ ಬಾಟಲಿಯ ಮುಚ್ಚಳ ಸಡಿಲ ಇತ್ತು. ತೆರೆದು ವರ್ಷದ ಮೇಲಾಗಿದೆ.

ರಸಾಯನ ಮೇಷ್ಟ್ರು

ಮೂರು ಸಲ ಮಾಡಿದ್ದು ಬಹಳ ಒಳ್ಳೆಯದಾಯಿತು. ಉತ್ತರ ಸ್ಪಷ್ಟವಾಗಿದೆ.

ಮೊದಲ ಕಿಟ್ 8ರಲ್ಲಿ 1.3 ಕಮ್ಮಿ, 12ರಲ್ಲಿ 2.0 ಕಮ್ಮಿ. ಎರಡು ಕಡೆಯೂ ನಿಜದ ನೂರಕ್ಕೆ 83, 84 ಭಾಗ. ಪ್ರಮಾಣದ ತಪ್ಪು, ಕಣ್ಣಿನ ತಪ್ಪಲ್ಲ. ಸಡಿಲ ಮುಚ್ಚಳದಿಂದ ನೀರು ಆವಿಯಾಗಿ ಆಮ್ಲ ಗಾಢವಾಗಿದೆ. ಗಾಢವಾದ್ದರಿಂದ ಕಮ್ಮಿ ಆಮ್ಲಕ್ಕೇ ಬಣ್ಣ ತಿರುಗುತ್ತಿದೆ, ಅದಕ್ಕೇ ಅಂಕಿ ಕಮ್ಮಿ. ಟ್ಯಾಂಕಿನ 7.4ನ್ನು 8.0ರಿಂದ ಗುಣಿಸಿ 6.7ರಿಂದ ಭಾಗಿಸಿ: 8.8. ಎರಡನೇ ಕಿಟ್‌ನ 8.9ನ್ನು ಅದೇ ರೀತಿ 8.1ಕ್ಕೆ ತಿದ್ದಿ: ಅದೂ 8.8.

ನೈಟ್ರೇಟ್‌ನಲ್ಲಿ ಎರಡು ಕಿಟ್‌ಗಳೂ ಸರಿ. 5ನ್ನು 4.43ರಿಂದ ಗುಣಿಸಿದರೆ 22. ತೂತುಕಲ್ಲು ಅವರ ಅನುಮಾನ ನಿಜವಾಯಿತು.

ಕಡಲಕುದುರೆ

ಹಾಗಾದರೆ 7.4 ಅಂತ ನಂಬಿ ಡೋಸ್ ಹಾಕಿದ್ದರೆ 8.8 ಇದ್ದದ್ದು 10 ದಾಟುತ್ತಿತ್ತು. ಮೊದಲ ಕಿಟ್‌ಗೆ ತಿದ್ದುಪಡಿ ಗುಣಿಸಿಕೊಂಡು ಬಳಸಬಹುದೇ?

ತೂತುಕಲ್ಲು

ಬೇಡ. ಆವಿಯಾಗುವುದು ನಿಂತಿಲ್ಲ, ಮುಂದಿನ ತಿಂಗಳು ಗುಣಕ ಬೇರೆ ಇರುತ್ತದೆ. ಚೆಲ್ಲಿಬಿಡಿ. ಎರಡನೆಯದನ್ನು ಇಟ್ಟುಕೊಂಡು ಬಾಟಲಿಯ ಮೇಲೆ ತೆರೆದ ದಿನಾಂಕ ಬರೆಯಿರಿ. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಡಬೇಡಿ, ಅಲ್ಲಿ ಬಿಸಿ, ತೇವ, ಉಪ್ಪಿನ ಸಿಂಪಡಿಕೆ ಮೂರೂ ಇರುತ್ತವೆ, ಪುಡಿಗಳು ಗಂಟು ಕಟ್ಟುತ್ತವೆ. ತಂಪಾದ ಕತ್ತಲೆಯ ಜಾಗ ಸಾಕು. 80 ಡಿಕೆಎಚ್ ಮೂಲ ದ್ರಾವಣವನ್ನು ಹೊಸ ಬಾಟಲಿ ತೆರೆದಾಗಲೆಲ್ಲ ಹೊಸದಾಗಿ ಮಾಡಿ ಒಂದು ಸಲ ತಾಳೆ ನೋಡಿ.

ಇವತ್ತು ಏನೂ ಹಾಕಬೇಡಿ. ನಾಳೆ ಇದೇ ಹೊತ್ತಿಗೆ ಅಳೆಯಿರಿ, ನಾಡಿದ್ದೂ ಅಷ್ಟೇ. ದೀಪ ಉರಿಯುವಾಗ ಹವಳ ಹೆಚ್ಚು ಹೀರುತ್ತದೆ, ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ ನೋಡಿದರೆ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಇವತ್ತಿನಿಂದ ನಾಡಿದ್ದಿನವರೆಗಿನ ಎರಡು ದಿನದಲ್ಲಿ ಎಷ್ಟು ಇಳಿಯಿತೋ ಅದನ್ನು ಎರಡರಿಂದ ಭಾಗಿಸಿ, ಅದೇ ದಿನದ ಡೋಸ್. ಅಡುಗೆ ಸೋಡಾ ಆದರೆ ಪ್ರತಿ ಲೀಟರ್‌ಗೆ 0.03 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಕಲ್ಲು ಮರಳು ಕಳೆದು ನಿಮ್ಮಲ್ಲಿ 170 ಲೀಟರ್ ನೀರು ಇದೆ ಅಂದುಕೊಂಡರೆ 1 ಡಿಕೆಎಚ್‌ಗೆ 5 ಗ್ರಾಂ. ದಿನಕ್ಕೆ 1ಕ್ಕಿಂತ ಹೆಚ್ಚು ಏರಿಸಬೇಡಿ.

ಕ್ಯಾಲ್ಸಿಯಂ ದಿನಾ ನೋಡುವ ಅಗತ್ಯವಿಲ್ಲ. ಹವಳ ಅಸ್ಥಿಪಂಜರ ಕಟ್ಟುವಾಗ 2.8 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಇಳಿಯುವುದು 20 ಪಿಪಿಎಂ ಮಾತ್ರ. ಆಲ್ಕಲಿನಿಟಿಯಲ್ಲಿ ಎರಡೇ ದಿನದಲ್ಲಿ ಕಾಣುವ ಬದಲಾವಣೆ ಕ್ಯಾಲ್ಸಿಯಂ ಕಿಟ್‌ನಲ್ಲಿ ಕಾಣಲು ವಾರಗಳೇ ಬೇಕು. ಅದಕ್ಕೆ ಎರಡು ವಾರಕ್ಕೊಮ್ಮೆ, ಮೆಗ್ನೀಸಿಯಂಗೆ ತಿಂಗಳಿಗೊಮ್ಮೆ.

ಮರಿಮೀನು

ಹೊಸ ಉಪ್ಪುನೀರಿನ ಟ್ಯೂಬಿನ ಜೊತೆ ಹೋಲಿಸಿ ನೋಡಿದೆ ಮೇಡಂ, ಎರಡೂ ಒಂದೇ ತೆಳು ಹಸಿರು. ನೈಟ್ರೈಟ್ ಇನ್ನೂ 2ರಲ್ಲಿದೆ.

ನೀಲಿಬೆಳಕು

ಹಾಗಾದರೆ ಅಮೋನಿಯಾ ಮುಗಿದಿದೆ, ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಬೆಳೆಯುತ್ತಿದೆ. ನೈಟ್ರೇಟ್ ಕಿಟ್ ಪೆಟ್ಟಿಗೆಯಲ್ಲೇ ಇರಲಿ. ನೈಟ್ರೈಟ್ ಸೊನ್ನೆಯಾದ ದಿನ ತೆಗೆದು ಅಳೆದು ಆ ಅಂಕಿ ಇಲ್ಲಿ ಹಾಕಿ, ಎಷ್ಟು ನೀರು ಬದಲಿಸಬೇಕು ಅಂತ ಆಗ ಲೆಕ್ಕ ಹಾಕೋಣ.